ಷಡ್ಡಕನ ಕಾರಿನ ಪಿಕಪ್ಪು

ನಮ್ಮ ಕಡೆ ಹೊಸ ಕಾರು ತಂದವನಿಗೆ ಜನ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದು, "ಎವರೇಜ್ ಎಷ್ಟ ಕೊಡತೈತಿ?" ಎರಡನೆಯದು, "ಪಿಕಪ್ ಹ್ಯಾಂಗೈತಿ?" ಮೊದಲನೆಯದಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ, ಎಲ್ಲರೂ ನಂಬಿದಂತೆ ಮಾಡುತ್ತಾರೆ. ಎರಡನೆಯದಕ್ಕೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಬರುವುದಿಲ್ಲ, ಕೇಳಿದವನು ಪಕ್ಕದ ಸೀಟಿನಲ್ಲಿ ಕೂತು ನೋಡಿಯೇ ಬಿಡುತ್ತಾನೆ. ಅದಕ್ಕೇ ಈ ಪಿಕಪ್ಪಿನ ವಿಷಯದಲ್ಲಿ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

ನಾನು ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಒಂಬತ್ತನೇ ಇಯತ್ತೆಗೆ ವೇಗೋತ್ಕರ್ಷ ಕಲಿಸುವವನು. ವೇಗೋತ್ಕರ್ಷ ಅಂದರೆ ಇದೇ ಪಿಕಪ್ಪು. ನನಗೆ ಕಲಿಸಲು ಬರುತ್ತದೆ, ನನ್ನ ಕಾರಿಗೆ ಕಲಿಯಲು ಬಂದಿಲ್ಲ. ನನ್ನದು ಬಿಳಿ ಬಣ್ಣದ ಸಣ್ಣ ಕಾರು. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಶಿಗ್ಗಾಂವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅವನದು ಕೆಂಪು ಬಣ್ಣದ ಸಣ್ಣ ಕಾರು. ನೋಡಲಿಕ್ಕೆ ಎರಡೂ ಒಂದೇ ಅಳತೆ. ಆದರೆ ಅವನ ಎಂಜಿನ್ನಿನಲ್ಲಿ ಟರ್ಬೊ ಅಂತ ಏನೋ ಒಂದು ಇದೆ, ನನ್ನದರಲ್ಲಿ ಇಲ್ಲ. ಆ ಇಲ್ಲದ್ದು ಬಂದು ನನ್ನ ಹೊಟ್ಟೆಯಲ್ಲಿ ಕೂತಿದೆ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚು. ಆದರೆ ಅದು ಕಾರಿನದಕ್ಕಿಂತ ಮುಂದಿನ ಸೀಟಿನ ಹೊಟ್ಟೆಕಿಚ್ಚು. ಮಾಸೂರಿನ ನಮ್ಮ ಮಾವನವರು ಯಾವ ಮದುವೆ-ಮುಂಜಿವೆಗೆ ಹೊರಟರೂ ಹಿರಿಯ ಅಳಿಯನಾದ ನನ್ನ ಕಾರಿನ ಮುಂದಿನ ಸೀಟಿನಲ್ಲಿ, ತಲೆಗೆ ರುಮಾಲು ಸುತ್ತಿ, ಮೊಣಕಾಲ ಮೇಲೆ ಕೈಯಿಟ್ಟು ಕೂತು ಬರುವುದು ರೂಢಿ. ಆ ಸೀಟು ತುಂಬಿದ್ದರೆ ನಾನು ಹಿರಿಯ ಅಳಿಯ, ಖಾಲಿ ಇದ್ದರೆ ಬರೀ ಡ್ರೈವರ್. ಕೆಂಪು ಕಾರು ಬಂದಾಗಿನಿಂದ ಆ ಸೀಟಿನ ಮೇಲೆ ನನಗೆ ಭರವಸೆ ಹೋಗಿದೆ.

ಪೇಡೆ

ಷಡ್ಡಕ ಗಾಡಿ ಪೂಜೆ ಮುಗಿಸಿ, ಹೆಂಡತಿಯನ್ನು ಕೂರಿಸಿಕೊಂಡು ನೇರ ನಮ್ಮ ಮನೆಗೆ ಬಂದ. ಕೈಯಲ್ಲಿ ಧಾರವಾಡ ಪೇಡೆ. ಅಕ್ಕ-ತಂಗಿ ಅಡಿಗೆಮನೆಗೆ ಹೋದರು. ನಾನು ಒಂದು ಪೇಡೆ ಬಾಯಿಗೆ ಹಾಕಿಕೊಂಡು ಇನ್ನೂ ಮೊದಲ ಸಲ ಅಗಿದಿರಲಿಲ್ಲ, "ಬರ್ರಿ ಅಣ್ಣಾರ, ಒಂದು ರೌಂಡ್ ಹೋಗಿ ಬರೂಣು" ಅಂತ ಎಬ್ಬಿಸಿದ.

ಊರ ಹೊರಗೆ, ರಸ್ತೆ ಖಾಲಿ ಇರುವ ಕಡೆ ನಿಲ್ಲಿಸಿದ. "ಗಟ್ಟಿ ಹಿಡ್ಕೊಳ್ರಿ" ಅಂದ. ನಾನು ಹಿಡಿದುಕೊಳ್ಳಲಿಲ್ಲ. ತಮ್ಮನ ವಾರಿಗೆಯ ಷಡ್ಡಕ ಹೇಳಿದ ಅಂತ ಹಿಡಿದುಕೊಂಡರೆ ಹಿರಿಯ ಅಳಿಯನ ಮರ್ಯಾದೆ ಏನು ಉಳಿಯಿತು? ಅವನು ಒತ್ತಿದ. ಬೆನ್ನು ಸೀಟಿಗೆ ಹತ್ತಿತು, ತಲೆ ಹಿಂದಕ್ಕೆ ಹೋಯಿತು, ಪೇಡೆ ಇಡಿಯಾಗಿ ಗಂಟಲಿಗೆ ಹೋಯಿತು.

"ಹ್ಯಾಂಗೈತ್ರಿ ಪಿಕಪ್?"

"ಅಷ್ಟಕ್ಕಷ್ಟ" ಅನ್ನಬೇಕೆಂದು ಮನೆಯಿಂದಲೇ ತಯಾರಾಗಿ ಬಂದಿದ್ದೆ. ಬಾಯಿಂದ ಕೆಮ್ಮು ಬಿಟ್ಟರೆ ಬೇರೇನೂ ಬರಲಿಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಅವನು ನನ್ನ ಮುಖವನ್ನೇ ನೋಡಿ, ಭಾಳ ಸಮಾಧಾನದಿಂದ ಕಾರು ತಿರುಗಿಸಿದ. ಮನೆಗೆ ಬಂದವನೇ ನನ್ನ ಹೆಂಡತಿಗೆ ಹೇಳಿದ: "ಅಣ್ಣಾರಿಗೆ ಖುಷಿಗೆ ಕಣ್ಣಾಗ ನೀರ ಬಂತ್ರಿ ಅಕ್ಕಾರ! ಮಾತ ಹೊರಡವಲ್ವು!"

ಅವರು ಹೋದ ಮೇಲೆ ನನ್ನ ಹೆಂಡತಿ ಕೆಂಪು ಕಾರು ಹೋದ ದಿಕ್ಕನ್ನೇ ನೋಡುತ್ತ ನಿಂತಳು. "ಅಲ್ರಿ, ನಮ್ಮ ಗಾಡಿ ಯಾಕ ಹಂಗ ಓಡಂಗಿಲ್ಲ?"

ನನಗೆ ಉರಿಯಿತು. "ಓಡಿ ಏನ ಮಾಡೂದೈತಿ? ನಮ್ಮ ಗಾಡ್ಯಾಗ ಕುಂತು ಆರಾಮ ಪೇಡೆ ತಿನ್ನಬಹುದು" ಅಂದೆ.

"ಪೇಡೆ ಏನ್ರಿ, ಎಲಿ ಹಾಕಿ ಹೋಳಿಗಿ ಊಟನ ಮುಗಸಬಹುದು" ಅಂದಳು.

ಸೊನ್ನೆಯಿಂದ ನೂರು

ಅದಾದ ಮೇಲೆ ಅವನು ನಮ್ಮ ಮನೆತನದ ವಾಟ್ಸಪ್ ಗುಂಪಿಗೆ ಒಂದು ವಿಡಿಯೊ ಹಾಕಿದ. ಬರೀ ಸ್ಪೀಡಿನ ಮುಳ್ಳು. ಸೊನ್ನೆಯಿಂದ ಹೊರಟು, ನೋಡು ನೋಡುವುದರೊಳಗೆ ನೂರಕ್ಕೆ ಹೋಗಿ ನಿಲ್ಲುತ್ತದೆ. ಮಾಸೂರಿನಿಂದ ಮಾವನವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ನನ್ನ ಮಗ ರಸಪ್ರಶ್ನೆಯಲ್ಲಿ ತಾಲೂಕಿಗೇ ಮೊದಲು ಬಂದಾಗ ಇದೇ ಗುಂಪಿಗೆ ಫೋಟೊ ಹಾಕಿದ್ದೆ. ಆಗ ಈ ಹೆಬ್ಬೆರಳು ಎಲ್ಲಿತ್ತೋ!

ಸುಮ್ಮನೆ ಕೂರಲು ಆಗಲಿಲ್ಲ. ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂಕಾಪುರದ ಆಚೆ ದೊಡ್ಡ ರಸ್ತೆಗೆ ಹೋದೆ. ನನ್ನ ಫೋನು ಮಗನ ಕೈಯಲ್ಲಿ ಮನೆಯಲ್ಲಿತ್ತು. ಹೆಂಡತಿಯ ಫೋನಿನಲ್ಲಿ ಸ್ಟಾಪ್‌ವಾಚ್ ತೆಗೆದು ಕೊಟ್ಟು, ಎಲ್ಲಿ ಒತ್ತಬೇಕು, ಯಾವಾಗ ಒತ್ತಬೇಕು, ಎರಡೆರಡು ಸಲ ಹೇಳಿದೆ. ಮಕ್ಕಳಿಗೆ ಪ್ರಯೋಗ ಹೇಳಿಕೊಡುವ ಹಾಗೆಯೇ ಹೇಳಿದೆ.

"ಶುರು" ಅಂದೆ. ಅವಳು ಒತ್ತಿದಳು, ನಾನೂ ಒತ್ತಿದೆ. ಎಂಜಿನ್ನು ದೊಡ್ಡ ದನಿ ತೆಗೆಯಿತು. ನಮ್ಮ ಕಾರಿನ ಗುಣವೇ ಹಾಗೆ, ಮೊದಲು ದನಿ ಹೋಗುತ್ತದೆ, ಹಿಂದಿನಿಂದ ಕಾರು ಹೋಗುತ್ತದೆ.

ಮುಳ್ಳು ನಾಲ್ವತ್ತು ದಾಟಿತ್ತು. ಅವಳ ಫೋನು ಬಡಿದುಕೊಂಡಿತು. ಶಿಗ್ಗಾಂವಿಯಿಂದ ತಂಗಿ. "ತಗೀಬ್ಯಾಡ" ಅನ್ನುವುದರೊಳಗೆ ಇವಳು ತೆಗೆದಾಗಿತ್ತು.

"ಹಾಂ ಹೇಳವಾ... ಇಲ್ಲೇ ಬಂಕಾಪುರದ ಹತ್ರ. ಏನಿಲ್ಲವಾ, ಇವ್ರು ಗಾಡಿ ನೂರಕ್ಕ ಒಯ್ಯಾಕತ್ತಾರ... ಎಣ್ಣಿಗಾಯಿಗೇನು? ಗುರೆಳ್ಳು ಹುರದು ಹಾಕು. ಶೇಂಗಾ ಪುಡಿನೂ ಇರ್ಲಿ. ಬದನಿಕಾಯಿ ತೊಟ್ಟು ತಗೀಬ್ಯಾಡ ಮತ್ತ... ಅವ್ವನ ಮೊಣಕಾಲ ಹ್ಯಾಂಗದಾವಂತ? ಒಂದ ಬಾತೇತೋ ಎರಡೂ ಬಾತಾವೋ?... ಇಲ್ಲವಾ, ಇನ್ನೂ ಹೋಗಾಕತ್ತಾರ. ಎಂಬತ್ತರ ಮ್ಯಾಲ ಐತಿ... ಎಣ್ಣಿ ತಿಕ್ಕಿ ಬಿಸಿನೀರ ಹಾಕ್ಕೋ ಅನ್ನು. ಆತವಾ, ಇಡ್ತೇನಿ."

ಫೋನು ಇಟ್ಟು ಕೇಳಿದಳು: "ಎಷ್ಟಾತ್ರಿ?"

"ತೊಂಬತ್ತೆಂಟು" ಅಂದೆ ಹಲ್ಲು ಕಚ್ಚಿ.

"ಹೋಗ್ಲಿ ಬಿಡ್ರಿ, ಮುಂದ ಟೋಲ್ ಬಂತು."

ಬ್ರೇಕು ಹಾಕಿದೆ. ಆ ಎರಡು ಇವತ್ತಿನವರೆಗೂ ಬಾಕಿ ಇವೆ. ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ತಂಗಿ ಹೋಗಿ ಗಂಡನ ಮುಂದೆ ಎಲ್ಲ ಹೇಳಿದ್ದಾಳೆ. ಸಂಜೆ ಗುಂಪಿನಲ್ಲಿ ಷಡ್ಡಕ ಬರೆದಿದ್ದ: "ಅಣ್ಣಾರ ಗಾಡಿ, ಸೊನ್ನೆಯಿಂದ ನೂರಕ್ಕ: ಒಂದು ಎಣ್ಣಿಗಾಯಿ, ಎರಡು ಮೊಣಕಾಲು." ಮಾವನವರು ಮತ್ತೆ ಹೆಬ್ಬೆರಳು ಎತ್ತಿದರು.

ಟ್ರ್ಯಾಕ್ಟರ್ ದಾಟುವ ವಿಧಾನ

ಷಡ್ಡಕನಿಗೆ ಮುಂದಿನ ವಾಹನ ದಾಟುವುದು ಅಂದರೆ ಕಾಲಿನ ಕೆಲಸ. ನಮ್ಮ ಮನೆಯಲ್ಲಿ ಅದು ಎಲ್ಲರೂ ಸೇರಿ ಮಾಡುವ ಕೆಲಸ.

ಗೋವಿನಜೋಳದ ಸುಗ್ಗಿಯ ಕಾಲ. ಹಾನಗಲ್ಲಿನಿಂದ ಬಂಕಾಪುರದ ಕಡೆ ಹೊರಟಿದ್ದೆವು. ಮುಂದೆ ಚೀಲ ಹೇರಿದ ಟ್ರ್ಯಾಕ್ಟರು. ನಾನು "ತಯಾರ!" ಅಂದೆ. ಹೆಂಡತಿ ಎ.ಸಿ. ಆರಿಸಿದಳು, ಏಕೆಂದರೆ ಎ.ಸಿ. ಇದ್ದರೆ ನಮ್ಮ ಕಾರಿಗೆ ಉಸಿರು ಸಾಲುವುದಿಲ್ಲ. ಮಗ ಹಿಂದೆ ತಿರುಗಿ "ಯಾರೂ ಇಲ್ಲಪ್ಪಾ" ಅಂದ. ನಾನು ಗೇರು ಇಳಿಸಿದೆ. ಎಲ್ಲರೂ ಮುಂದಕ್ಕೆ ಬಾಗಿದೆವು. ಬಾಗುವುದರಿಂದ ಏನೂ ಆಗುವುದಿಲ್ಲ ಅಂತ ವಿಜ್ಞಾನದ ಮಾಸ್ತರನಾದ ನನಗೆ ಗೊತ್ತು. ಆದರೂ ಬಾಗುತ್ತೇವೆ.

ಟ್ರ್ಯಾಕ್ಟರಿನ ಅರ್ಧಕ್ಕೆ ಬಂದೆವು. ಎದುರಿಗೆ ದೂರದಲ್ಲಿ ಬಸ್ಸು ಕಂಡಿತು. ಹಿಂದೆ ಸರಿದೆವು. ಎ.ಸಿ. ಹಚ್ಚಿದಳು. ಬಸ್ಸು ಹೋಯಿತು. "ತಯಾರ!" ಎ.ಸಿ. ಆರಿತು. ಬಾಗಿದೆವು. ಎದುರಿಗೆ ಲಾರಿ. ಹಿಂದೆ ಸರಿದೆವು. ಮೂರನೆಯ ಸಲಕ್ಕೆ ಎದುರಿಗೆ ಏನೂ ಇರಲಿಲ್ಲ, ಆದರೆ ಸಣ್ಣದೊಂದು ಏರಿತ್ತು. ಏರಿನಲ್ಲಿ ಟ್ರ್ಯಾಕ್ಟರಿಗೂ ನಮಗೂ ಬಹಳ ಹೊತ್ತು ಸರಿಸಮ ನಡೆಯಿತು. ಮಗ ಕಿಟಕಿಯಿಂದ ಚೀಲ ಎಣಿಸಿ ಮುಗಿಸಿದ.

ಅಷ್ಟರಲ್ಲಿ ಹಿಂದಿನಿಂದ ಹಾರ್ನು. ಕೆಂಪು ಕಾರು! ಅವನಿಗೆ ಹಾನಗಲ್ಲಿನಲ್ಲಿ ಗಿರಾಕಿಯೊಬ್ಬರ ಮನೆಯಲ್ಲಿ ಕೆಲಸವಿತ್ತಂತೆ, ತಿರುಗಿ ಹೊರಟಿದ್ದ. ನಾನು ಸೋತು ಟ್ರ್ಯಾಕ್ಟರಿನ ಹಿಂದಕ್ಕೆ ಬಂದೆ. ಅವನು ನನ್ನನ್ನೂ ಟ್ರ್ಯಾಕ್ಟರನ್ನೂ ಒಂದೇ ಉಸಿರಿಗೆ ದಾಟಿ, ಕಿಟಕಿಯಿಂದ ಕೈ ಬೀಸಿ ಹೋದ. ಆ ಕೈಯಲ್ಲಿ ಉಂಗುರ ಬೇರೆ ಹೊಳೆಯಿತು.

ಟ್ರ್ಯಾಕ್ಟರಿನವನಿಗೆ ನನ್ನ ಪಾಡು ನೋಡಿ ಏನನ್ನಿಸಿತೋ, ಬದಿಗೆ ತೆಗೆದು ನಿಲ್ಲಿಸಿದ. ಇಳಿದು ಬಂದ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

"ಸರ್ ನೀವ! ಆಗಳಿಂದ ನೋಡಾಕತ್ತೇನಿ, ಹಿಂದ ಬರ್ತೀರಿ, ಬಾಜೂಕ ಬರ್ತೀರಿ, ಮತ್ತ ಹಿಂದ ಹೋಗ್ತೀರಿ. ಗಾಡಿಗೇನ ತ್ರಾಸ ಆಗೇತೇನ್ರಿ?"

"ಏನಿಲ್ಲಪಾ" ಅಂದೆ.

"ಸಂಕೋಚ ಮಾಡ್ಕೋಬ್ಯಾಡ್ರಿ ಸರ್. ಹಗ್ಗ ಐತಿ, ಬಂಕಾಪುರ ಮಟಾ ಜಗ್ಗಿಕೊಂಡು ಒಯ್ತೇನಿ."

ಬಿಸಿ ಚಹಾ

ನ್ಯಾಯವಾಗಿ ಹೇಳಬೇಕೆಂದರೆ, ದೇವರು ನನ್ನ ಕಡೆಗೂ ಒಂದು ಸಲ ನೋಡಿದ್ದಾನೆ.

ಮಾವನವರ ತಮ್ಮ, ನಮ್ಮ ಚಿಕ್ಕಮಾವ, ಸವಣೂರಿನಲ್ಲಿದ್ದಾರೆ. ಅವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಕೆಲಸ ಹಂಚಿಕೊಳ್ಳಲು ಅಳಿಯಂದಿರಿಬ್ಬರನ್ನೂ ಕರೆದಿದ್ದರು. ನಾನು ಶಿಗ್ಗಾಂವಿಗೆ ಹೋಗಿ, ಅಲ್ಲಿಂದ ಇಬ್ಬರೂ ನಮ್ಮ ನಮ್ಮ ಕಾರಿನಲ್ಲಿ ಹೊರಟೆವು. "ಸವಣೂರ ಬಸ್ ಸ್ಟ್ಯಾಂಡ್ ಹತ್ರ ಚಹಾದ ಅಂಗಡಿ ಮುಂದ ನಿಂತಿರ್ತೇನಿ, ನೀವು ಬರ್ರಿ ಸಾವಕಾಶ" ಅಂದ. ಆ "ಸಾವಕಾಶ" ಅನ್ನುವ ಮಾತನ್ನು ಅವನು ಬೇಕೆಂದೇ ಸಾವಕಾಶವಾಗಿ ಅಂದ.

ಹೊರಟಾಗ ಕೆಂಪು ಕಾರು ಕಣ್ಣಿಗೆ ಕಾಣದಂತೆ ಹೋಯಿತು. ಆದರೆ ಆ ರಸ್ತೆಯಲ್ಲಿ ಊರಿಗೊಂದು ಹಂಪು. ಕೆಲವು ಸರಕಾರದ್ದು, ಕೆಲವು ಊರವರೇ ಹಾಕಿಕೊಂಡದ್ದು. ಅವನು ಹಾರಿ ಹೋಗಿ ಹಂಪಿಗೆ ನಿಲ್ಲುತ್ತಾನೆ, ಮತ್ತೆ ಹಾರುತ್ತಾನೆ, ಮತ್ತೆ ನಿಲ್ಲುತ್ತಾನೆ. ನಡುವೆ ಕುರಿಹಿಂಡು ಬಂದರೆ ಟರ್ಬೊ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕುರಿಗಳಿಗೆ ಪಕ್ಷಪಾತ ಗೊತ್ತಿಲ್ಲ. ಹಾಗಾಗಿ ಸವಣೂರು ಮುಟ್ಟಿದಾಗ ಅವನ ಹಿಂದಿನ ದೀಪ ನನಗೆ ಕಾಣುತ್ತಲೇ ಇತ್ತು.

ನಾನು ಕಾರು ನಿಲ್ಲಿಸಿ, ಕನ್ನಡಿಯಲ್ಲಿ ತಲೆ ಬಾಚಿಕೊಂಡು ಇಳಿದೆ. ಅವನು ಅಂಗಡಿಯ ಕಂಬಕ್ಕೆ ಒರಗಿ ನಿಂತಿದ್ದ. ಕೈಯಲ್ಲಿ ಖಾಲಿ ಗ್ಲಾಸು. ಅದನ್ನು ನನಗೆ ಕಾಣುವ ಹಾಗೆ ಬೋರಲು ಹಿಡಿದು, "ಬಂದು, ಚಹಾ ಕುಡುದು, ಮುಗಿಸೇ ಬಿಟ್ಟೆ ಅಣ್ಣಾರ. ಎಲ್ಲಿ ಉಳದಿದ್ರಿ?" ಅಂದ. ಮಾತು ಯಾಕೋ ದಪ್ಪ ದಪ್ಪ ಬರುತ್ತಿತ್ತು.

ಚಹಾದವನು ಒಳಗಿನಿಂದ ಗಾಬರಿಯಲ್ಲಿ ತಲೆ ಹಾಕಿದ. "ಅಲ್ರಿ ಸಾವಕಾರ, ಒಲಿ ಮ್ಯಾಲಿಂದ ಈಗ ಇಳಿಸಿ ಕೊಟ್ಟಿದ್ದೆ, ಕುದಿಯಾಕತ್ತಿತ್ತು! ಒಂದ ಗುಟುಕಿಗೆ ಹ್ಯಾಂಗ ನುಂಗಿದ್ರಿ?"

ಷಡ್ಡಕ ಬಾಯಿ ತೆರೆದು ಗಾಳಿ ಎಳೆದುಕೊಂಡ. ಚಿಕ್ಕಮಾವನವರ ಮನೆಯಲ್ಲಿ ತಟ್ಟೆ ತುಂಬ ಸವಣೂರ ಖಾರಾ, ಅಂದರೆ ಆ ಊರಿನ ಹೆಸರುವಾಸಿ ಖಾರದ ಮಿಕ್ಸ್ಚರು, ತಂದಿಟ್ಟರು. ಎಂಥ ರುಚಿ! ನಾನು ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡು, "ತಗೋ ತಮ್ಮಾ, ಯಾಕ ಸುಮ್ನ ಕುಂತಿ?" ಅಂತ ತಟ್ಟೆ ಅವನ ಕಡೆ ತಳ್ಳಿದೆ. ಮನೆಯವರ ಒತ್ತಾಯಕ್ಕೆ ಒಂದು ಚಿಟಿಕೆ ತಿಂದ. ಕಣ್ಣಲ್ಲಿ ಧಾರಾಕಾರ ನೀರು. "ಖುಷಿಗೆ ಬಂದಾವ್ರಿ" ಅಂತ ನಾನೇ ಚಿಕ್ಕಮಾವನವರಿಗೆ ಹೇಳಿದೆ. ಸುಟ್ಟದ್ದು ಅವನ ನಾಲಿಗೆ, ತಣ್ಣಗಾದದ್ದು ನನ್ನ ಹೊಟ್ಟೆ.

ಕೊಬ್ಬರಿ ಹೋರಿ

ಹೊಟ್ಟೆ ಹಾಗೇ ತಣ್ಣಗೆ ಉಳಿಯಲಿಲ್ಲ. ಮದುವೆ ಬಂತು. ಮಾವನವರು ಯಾರ ಕಾರಿನಲ್ಲಿ ಹೋಗುತ್ತಾರೆ?

ಹಿಂದಿನ ದಿನವೇ ಇಬ್ಬರೂ ಮಾಸೂರಿಗೆ ಬಂದಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಷಡ್ಡಕ ಕೆಂಪು ಕಾರು ತೊಳೆದು, ಮುಂದಿನ ಸೀಟಿಗೆ ಹೊಸ ಟವೆಲ್ಲು ಹಾಸುತ್ತಿದ್ದ. ಬಟ್ಟೆ ಅಂಗಡಿಯವನು, ಅವನಿಗೇನು ಟವೆಲ್ಲಿಗೆ ಬರ! ನಾನು ಒಳಗೆ ಹೋಗಿ ಹೆಂಡತಿಯ ಚೀಲದಿಂದ ಹೊಸ ಶಾಲು ತಂದು ನನ್ನ ಸೀಟಿಗೆ ಹಾಸಿದೆ. ಅದು ಮದುಮಗಳಿಗೆ ಕೊಡಲು ತಂದ ಶಾಲು ಅಂತ ಆಮೇಲೆ ಗೊತ್ತಾಯಿತು, ಹೇಗೆ ಗೊತ್ತಾಯಿತು ಅನ್ನುವುದು ಬೇಡ.

ಮಾವನವರು ಕಟ್ಟೆಯ ಮೇಲೆ ಕೂತು ಎರಡೂ ಕಾರುಗಳನ್ನು ನೋಡುತ್ತಿದ್ದರು. ಹಿರಿಯ ಅಳಿಯನನ್ನು ಬಿಟ್ಟರೆ ಊರು ಮಾತಾಡುತ್ತದೆ, ಕೆಂಪು ಕಾರನ್ನು ಬಿಟ್ಟರೆ ಮನಸ್ಸು ಮಾತಾಡುತ್ತದೆ. ಕೊನೆಗೆ ಮೀಸೆ ಒರೆಸಿಕೊಂಡು ಅಂದರು:

"ನೋಡ್ರಿ ಅಳ್ಯಾರ, ನಾ ಹೋರಿ ಕಟ್ಟಿದಂವ. ಮಾರಾವನ ಬಾಯಿ ಮಾತ ಕೇಳಿ ಯಾವತ್ತೂ ಹೋರಿ ತಂದಂವಲ್ಲ. ಅಖಾಡಕ್ಕ ಬಿಟ್ಟ ನೋಡೂಣು."

ನಮ್ಮ ಸೀಮೆಯವರಿಗೆ ಇದು ಗೊತ್ತು, ಬೇರೆ ಕಡೆಯವರಿಗೆ ಹೇಳಬೇಕು. ದೀಪಾವಳಿಯ ಹೊತ್ತಿಗೆ ಇಲ್ಲಿ ಹೋರಿ ಬಿಡುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿ, ಜನರ ನಡುವೆ ಓಡಿಸುತ್ತಾರೆ. ಜನ ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ನೋಡುತ್ತಾರೆ. ಬರೀ ಜೋರು ಓಡಿದರೆ ಸಾಲದು, ಕೊಬ್ಬರಿ ಉಳಿಸಿಕೊಂಡು ಪಾರಾದದ್ದೇ ಗೆದ್ದ ಹೋರಿ. ಮಾವನವರ ಹೋರಿ ಒಂದು ಕಾಲಕ್ಕೆ ಹಾರಕ್ಕೆ ಯಾರ ಕೈಯನ್ನೂ ತಾಗಗೊಡುತ್ತಿರಲಿಲ್ಲವಂತೆ.

ಮದುವೆಗೆ ಒಯ್ಯಲು ಇಟ್ಟಿದ್ದ ಕೊಬ್ಬರಿ ಬಟ್ಟಲುಗಳನ್ನು ಮಾವನವರೇ ತೂತು ಕೊರೆದು ಸುತಳಿಗೆ ಪೋಣಿಸಿದರು. ಅತ್ತೆಯವರು ಒಳಗಿನಿಂದ "ಲಗ್ನದ ಕೊಬ್ಬರಿರಿ ಅವು! ಮುದುಕಾದ್ರೂ ಹುಡುಗಾಟಿಕಿ ಹೋಗಲಿಲ್ಲ!" ಅಂತ ಕೂಗುತ್ತಲೇ ಇದ್ದರು. ಎರಡೂ ಕಾರಿನ ಬಾನೆಟ್ಟಿನ ಮೇಲೆ ಹಾರ ಹರಡಿ, ತುದಿಗಳನ್ನು ಎರಡು ಬದಿಯ ಕನ್ನಡಿಗೆ ಕಟ್ಟಿದರು. ಮದಗದ ಕೆರೆಯ ಕಡೆಯ ರಸ್ತೆಯಿಂದ ಮನೆಯ ಕಟ್ಟೆಯವರೆಗೆ ಬರಬೇಕು. ಯಾರ ಕಾರಿನಲ್ಲಿ ಹೆಚ್ಚು ಕೊಬ್ಬರಿ ಉಳಿಯುತ್ತದೆಯೋ ಮಾವನವರು ಅವರ ಕಾರಿನಲ್ಲಿ. ಸುದ್ದಿ ಕೇಳಿ ದಾರಿಯ ಎರಡೂ ಬದಿಗೆ ಊರೇ ನಿಂತಿತು.

ಮೊದಲು ಷಡ್ಡಕ. ನನ್ನ ಕಡೆ ನೋಡಿ ನಕ್ಕ. ಒತ್ತಿದ. ಕಾರು ಹಾರಿತು, ಹಾರ ಅಲ್ಲೇ ಉಳಿಯಿತು. ಸುತಳಿ ಪಟ್ಟನೆ ಹರಿದು, ಕೊಬ್ಬರಿಯೆಲ್ಲ ಗಾಜಿನ ಮೇಲಿಂದ, ಟಾಪಿನ ಮೇಲಿಂದ ಉರುಳಿ ರಸ್ತೆಗೆ ಬಿದ್ದವು. ಜಡತ್ವ ಅಂತ ಇದನ್ನು ನಾನು ಮಕ್ಕಳಿಗೆ ಕಲಿಸುತ್ತೇನೆ, ಆದರೆ ಇಷ್ಟು ಚೆಂದದ ಉದಾಹರಣೆ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಅವನು ಕಟ್ಟೆ ಮುಟ್ಟಿದಾಗ ಕನ್ನಡಿಯಲ್ಲಿ ಗೇಣುದ್ದ ಸುತಳಿ ಜೋತಾಡುತ್ತಿತ್ತು.

ಆಹಾ! ಸೀಟು ನನ್ನದೇ. ಒಂದು ಕೊಬ್ಬರಿ ಉಳಿದರೂ ಸಾಕು. ನಾನು ಹೊರಟೆ. ದನಿ ಹೋಯಿತು, ಹಿಂದಿನಿಂದ ಕಾರು ಹೋಯಿತು. ಹಾರ ಅಲುಗಲಿಲ್ಲ. ನಾನು ಎದೆ ಉಬ್ಬಿಸಿ ನೋಡಿದರೆ, ಜನ ಓಡಿ ಬರುತ್ತಿಲ್ಲ, ನಡೆದು ಬರುತ್ತಿದ್ದಾರೆ. ಪಕ್ಕಕ್ಕೆ ಬಂದು, ಸಮಾಧಾನದಿಂದ ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದಾರೆ. ಒಬ್ಬ "ಆರಾಮ ಅದೀರೇನ್ರಿ ಮಾಸ್ತರ" ಅಂತ ಕೇಳಿ ಬಿಚ್ಚಿಕೊಂಡ. ನಾನು ಪೆಡಲ್ಲನ್ನು ನೆಲಕ್ಕೆ ಒತ್ತಿದೆ. ದನಿ ಇನ್ನೂ ಜೋರಾಯಿತು, ಅಷ್ಟೇ. ಕೊನೆಗೆ ಒಂದೇ ಬಟ್ಟಲು ಉಳಿಯಿತು. ಅದಕ್ಕೆ ಒಬ್ಬ ಅಜ್ಜಿ ಕೈ ಹಾಕಿದಳು. ಬಿಚ್ಚಲು ಬರಲಿಲ್ಲ.

ನಾನು ಕಿಟಕಿಯಿಂದ ತಲೆ ಹಾಕಿ, "ಬಿಡವಾ ಯಮ್ಮಾ, ಅದೊಂದ ಇರ್ಲಿ! ಬೇಕಾದ್ರ ನಿಲ್ಲಿಸಿ ಬ್ಯಾರೆ ಕೊಡ್ತೇನಿ!" ಅಂದೆ.

"ನಿಲ್ಲಸೂದ ಬ್ಯಾಡಪಾ, ನೀ ಹಿಂಗ ಹೋಗ" ಅಂದಳು. "ಗಂಟ ಬಿಗಿ ಐತಿ, ನಡಕೋಂತ ಬಿಚ್ಕೋತೇನಿ."

ಪಟಗಾ

ಇಬ್ಬರದೂ ಸೊನ್ನೆ. ಕಟ್ಟೆಯ ಮುಂದೆ ಇಬ್ಬರೂ ತಲೆ ತಗ್ಗಿಸಿ ನಿಂತೆವು. ಮಾವನವರು ಕಟ್ಟೆ ಇಳಿದು ಬಂದು, ನನ್ನ ಕಾರಿನ ಮುಂದಿನ ಬಾಗಿಲು ತೆರೆದು ಕೂತರು. ಶಾಲಿನ ಮೇಲೆ! ಷಡ್ಡಕನ ಮುಖ ಅವನ ಕಾರಿಗಿಂತ ಕೆಂಪಾಯಿತು. ಅತ್ತೆಯವರು ಮಾತ್ರ "ನನಗ ಮುಹೂರ್ತದ ಅಕ್ಕಿಕಾಳಿಗೆ ಮುಟ್ಟಬೇಕಾಗೇತಿ" ಅಂತ ಅವನ ಕಾರು ಹತ್ತಿದರು. ಹತ್ತಲಿ.

ಹಿರೇಕೆರೂರು ಬರುವವರೆಗೆ ನಾನು ತಡೆದುಕೊಂಡೆ. ಆಮೇಲೆ ಕೇಳಿದೆ: "ಮಾವಾರ, ನನ್ನ ಗಾಡಿನ ಯಾಕ ಆರಿಸಿದ್ರಿ?"

"ಅವನ ಗಾಡ್ಯಾಗ ಕುಂತ್ರ ನಾ ಯಾರಿಗೂ ಕಾಣಂಗಿಲ್ರಿ. ನಿಮ್ಮ ಗಾಡ್ಯಾಗ ಹಂಗಲ್ಲ. ಎಲ್ಲಾರನ್ನೂ ಮಾತಾಡಿಸ್ಕೋಂತ ಹೋಗಬಹುದು."

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಸೀಟು ತುಂಬಿತ್ತಲ್ಲ, ಅಷ್ಟು ಸಾಕು. ಮಾವನವರು ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಊರೂರಲ್ಲಿ ಮಾತಾಡಿಸುತ್ತ ಬಂದರು. ಹಾನಗಲ್ಲಿನ ಹತ್ತಿರ ಒಬ್ಬ ಸೈಕಲ್ಲಿನವನ ಜೊತೆ ಅವನ ಮಗಳ ಬಾಣಂತನದ ಮಾತು ಮೊದಲಿನಿಂದ ಕೊನೆಯವರೆಗೆ ನಡೆಯಿತು. ಅವನು ನಮ್ಮ ಪಕ್ಕದಲ್ಲೇ ತುಳಿಯುತ್ತ ಬಂದ, ಒಮ್ಮೆಯೂ ಏದುಸಿರು ಬಿಡಲಿಲ್ಲ.

ಸವಣೂರು ಮುಟ್ಟಿದಾಗ ಅಕ್ಕಿಕಾಳು ಬಿದ್ದು, ಮೊದಲ ಪಂಕ್ತಿ ಎದ್ದು, ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು. ಮಂಟಪದ ಬಾಗಿಲಲ್ಲಿ ಷಡ್ಡಕ ನಿಂತಿದ್ದ. ತಲೆಯ ಮೇಲೆ ಜರಿಯ ಪಟಗಾ! ಮದುವೆಯಲ್ಲಿ ಮನೆತನದ ಹಿರಿಯ ಅಳಿಯನಿಗೆ ಸುತ್ತುವ ಪಟಗಾ. ಚಿಕ್ಕಮಾವನವರು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. "ತಪ್ಪ ತಿಳೀಬ್ಯಾಡ್ರಿ ಮಾಸ್ತರ. ನಿಮಗಂತನ ತಂದಿದ್ದು. ಹೊತ್ತ ಮೀರಾಕತ್ತಿತ್ತು, ಲಗ್ನ ಮಾಡಸೋ ಐನಾರು ಅವಸರ ಮಾಡಿದ್ರು, ಇವರು ಇದ್ರು, ಸುತ್ತಿಬಿಟ್ವಿ."

ನನ್ನ ಕಣ್ಣು ಅವನ ಪಟಗಾದ ಮೇಲೆ. ಅವನ ಕಣ್ಣು ನನ್ನ ಮುಂದಿನ ಸೀಟಿನಿಂದ ಇಳಿಯುತ್ತಿರುವ ಮಾವನವರ ಮೇಲೆ. ಇಬ್ಬರಿಗೂ ರೆಪ್ಪೆ ಮುಚ್ಚಲು ಆಗಲಿಲ್ಲ. ಮಾವನವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ರುಮಾಲು ಸರಿ ಮಾಡಿಕೊಂಡರು.

"ಗಾಡಿ ಹೋಗ್ಲಿ ಬಿಡ್ರಿ ಅಳ್ಯಾರ," ಅಂದರು. "ಹೊಟ್ಟಿಕಿಚ್ಚಿನ ಪಿಕಪ್ ನೋಡಿದ್ರ ಇಬ್ಬರದೂ ಸಮ ಐತಿ."

ಊಟ ಮುಗಿಯಿತು. ನಾನು ಓಡಿ ಹೋಗಿ ಮುಂದಿನ ಬಾಗಿಲು ತೆರೆದು ನಿಂತೆ. ಅವನೂ ಓಡಿ ಬಂದು ತೆರೆದು ನಿಂತ. ಮಾವನವರು ಎಲ್ಲಿ? ನನ್ನ ಹೆಂಡತಿ ಬಂದು ಹೇಳಿದಳು: "ಅಪ್ಪ ಅವ್ವ ಬಸ್ ಸ್ಟ್ಯಾಂಡಿಗೆ ಹೋದ್ರು. ಹಿರೇಕೆರೂರ ಬಸ್ ಬರತೈತೆಂತ. ನಿಮಗ ಸುಮ್ನ ಮಾಸೂರಿಗೆ ಬರ್ರಿ ಅಂದಾರ."

ಹೆಂಡತಿಯರನ್ನು ಹಿಂದೆ ಕೂರಿಸಿ, ಇಬ್ಬರೂ ಮುಂದಿನ ಸೀಟು ಖಾಲಿ ಇಟ್ಟುಕೊಂಡು ಹೊರಟೆವು. ಈಗ ಇನ್ನೊಂದು ವಿಚಿತ್ರ. ಕೆಂಪು ಕಾರು ನನ್ನನ್ನು ದಾಟಲೇ ಇಲ್ಲ. ಮಾವನವರು ನನ್ನ ಕಾರನ್ನು ಯಾಕೆ ಆರಿಸಿದರೆಂದು ಊಟದ ಹೊತ್ತಿಗೆ ಅವನ ಕಿವಿಗೂ ಬಿದ್ದಿತ್ತು. ಕನ್ನಡಿಯಲ್ಲಿ ನೋಡಿದರೆ ಷಡ್ಡಕ ಪಟಗಾ ಸುತ್ತಿಕೊಂಡೇ, ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಗುರುತಿಲ್ಲದ ಮಂದಿಗೆಲ್ಲ ನಮಸ್ಕಾರ ಮಾಡುತ್ತ ಮೆಲ್ಲಗೆ ಬರುತ್ತಿದ್ದಾನೆ! ನನ್ನ ಸಾವಕಾಶವನ್ನೂ ಇವನು ಕಸಿದುಕೊಳ್ಳುವುದೇ? ನಾನು ಇನ್ನೂ ಮೆಲ್ಲಗೆ ಬಿಟ್ಟೆ. ಅವನು ಅದಕ್ಕಿಂತ ಮೆಲ್ಲಗೆ ಬಿಟ್ಟ. ನಾನು ಎರಡನೇ ಗೇರಿಗೆ ಇಳಿದೆ, ಅವನೂ ಇಳಿದ. ಬಂಕಾಪುರ ದಾಟಿದಾಗ ಹಿಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು.

ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡ ಹಾರ್ನು. ಹಿರೇಕೆರೂರಿನ ಬಸ್ಸು ಟ್ರ್ಯಾಕ್ಟರುಗಳನ್ನು ದಾಟಿತು, ಕೆಂಪು ಕಾರನ್ನು ದಾಟಿತು, ನನ್ನನ್ನೂ ದಾಟಿತು. ಎಲ್ಲಕ್ಕೂ ಮುಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ತಲೆಗೆ ರುಮಾಲು ಸುತ್ತಿ, ಮೊಣಕಾಲ ಮೇಲೆ ಕೈಯಿಟ್ಟು ಮಾವನವರು ಕೂತಿದ್ದರು. ನಮ್ಮನ್ನು ನೋಡಿ ಒಂದು ಕೈ ಎತ್ತಿದರು. ಹೆಬ್ಬೆರಳು.